ಇರ್ಮಾ ದುದಾಶಳ ಮೂರು ನಿಮಿಷ

ಅಮೆರಿಕದ ಈರಿ ಊರಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಬರ್ನಿಸ್ ಟ್ರಾಸ್ಕಳಿಗೂ, ಅದೇ ನಿಲ್ದಾಣದ ಗೋಡೆಗೆ ಐದು ಕಾಯಿನ್ ಫೋನು ತಗುಲಿಹಾಕಿಕೊಂಡಿದ್ದ ಇರ್ಮಾ ದುದಾಶಳಿಗೂ ಒಂಬತ್ತು ವರ್ಷದಿಂದ ಮಾತುಕತೆ ಇತ್ತು. ಅದರಲ್ಲಿ ಒಳ್ಳೆಯ ಮಾತು ಒಂದೂ ಇರಲಿಲ್ಲ.

ಶುರುವಾದದ್ದು ಚಿಲ್ಲರೆಯಿಂದ. ಫೋನು ಮಾಡಲು ನಾಣ್ಯ ಬೇಕೆಂದು ಪ್ರಯಾಣಿಕರು ಕಿಟಕಿಗೆ ಬಂದರೆ ಬರ್ನಿಸ್ ಕೊಡುತ್ತಿರಲಿಲ್ಲ. "ನನ್ನ ಗಲ್ಲಾ ಇರೋದು ಟಿಕೆಟ್ಟಿಗೆ. ಅವಳ ಡಬ್ಬ ತುಂಬ್ಸೋಕಲ್ಲ" ಎನ್ನುತ್ತಿದ್ದಳು. ಇರ್ಮಾ ಒಂದು ಚೀಟಿ ಬರೆದು ಫೋನುಗಳ ಮೇಲೆ ಅಂಟಿಸಿದಳು: ಚಿಲ್ಲರೆ ಬೇಕಾದವರು ಟಿಕೆಟ್ ಕಿಟಕಿಯಲ್ಲಿ ಕೇಳಿ. ಬರ್ನಿಸ್ ಅದನ್ನು ಕಿತ್ತಳು. ಇರ್ಮಾ ಮತ್ತೆ ಅಂಟಿಸಿದಳು. ಒಂಬತ್ತು ವರ್ಷದ ಗೋಂದು ಆ ಗೋಡೆಯ ಮೇಲೆ ಒಂದು ಬೆರಳು ದಪ್ಪ ಕೂತಿತ್ತು.

ಇರ್ಮಾಳಿಗೆ ಐವತ್ತನಾಲ್ಕು ವಯಸ್ಸು. ಹದಿನೇಳು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಸಾಧನ ಕಟ್ಟಿಕೊಂಡು ಕೂತು ಊರವರ ಕರೆಗಳನ್ನು ಜೋಡಿಸಿದವಳು. ಯಂತ್ರ ಬಂತು, ಅವಳನ್ನು ಮನೆಗೆ ಕಳಿಸಿದರು. ಕಳಿಸುವಾಗ ಕೊಟ್ಟ ದುಡ್ಡಿನಲ್ಲಿ ಅವಳು ಫೋನು ಕೊಂಡಳು. ಯಾರು ಬೇಕಾದರೂ ಕಾಯಿನ್ ಫೋನು ಇಡಬಹುದೆಂಬ ಕಾನೂನು ಆಗ ಬಂದು ಕೆಲವೇ ವರ್ಷವಾಗಿತ್ತು. ಗಂಡ ಮೈಲೋ, "ಫೋನು ಮಾರೋರನ್ನ ನೋಡಿದ್ದೀನಿ, ಗೋಡೆಗೆ ಮೊಳೆ ಹೊಡೆದು ಕಾಯೋರನ್ನ ನೋಡಿಲ್ಲ" ಎಂದು ನಕ್ಕಿದ್ದ. ಎರಡು ವರ್ಷ ಕಳೆದ ಮೇಲೆ ಬೌಲಿಂಗ್ ಆಡುವ ಜಾಗದಲ್ಲಿ ಪರಿಚಯವಾದ ಹೆಂಗಸಿನ ಜೊತೆ ಫ್ಲೋರಿಡಾಕ್ಕೆ ಹೋದ. ಅವನು ಹೋದದ್ದಕ್ಕಿಂತ, ಹೋಗುವಾಗ ಡ್ರಿಲ್ ಮೆಷಿನ್ನನ್ನೂ ಒಯ್ದದ್ದು ಅವಳನ್ನು ಹೆಚ್ಚು ಉರಿಸಿತ್ತು. ಮಾರನೇ ದಿನ ಮೊಟೆಲಿನ ಗೋಡೆಗೆ ಫೋನು ಕೂರಿಸಬೇಕಿತ್ತು.

ಈಗ ಅವಳಿಗೆ ಇಪ್ಪತ್ತಮೂರು ಫೋನು. ಬಟ್ಟೆ ಒಗೆಯುವ ಅಂಗಡಿಗಳಲ್ಲಿ ಕೆಲವು, ಬಾರುಗಳಲ್ಲಿ ಕೆಲವು, ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು, ಮತ್ತೆ ಬಸ್ ನಿಲ್ದಾಣದ ಈ ಐದು. ಬೇರೆಡೆಯ ಹದಿನೆಂಟು ಸೇರಿ ತರುತ್ತಿದ್ದಷ್ಟನ್ನು ಈ ಐದೇ ತರುತ್ತಿದ್ದವು. ವಾರಕ್ಕೆ ಎರಡು ಸಲ ಹಳೇ ವ್ಯಾನಿನಲ್ಲಿ ಸುತ್ತು ಹೊರಡುವಳು. ನಾಣ್ಯದ ಸೀಳಿಗೆ ತುರುಕಿದ ಚೂಯಿಂಗ್ ಗಮ್ಮನ್ನು ಕೂದಲಿನ ಪಿನ್ನಿನಿಂದ ಕೀಳುವಳು. ಸ್ಪಿರಿಟ್ಟಿನ ಬಾಟಲಿ, ಹಳೇ ಬನಿಯನ್ ತುಂಡು ಹಿಡಿದು ಪ್ರತಿಯೊಂದು ರಿಸೀವರನ್ನೂ ಒರೆಸುವಳು. ಮಾತಾಡುವಷ್ಟು ಹೊತ್ತು ಮಗು ಸುಮ್ಮನಿರಲಿ ಎಂದು ತಾಯಂದಿರು ರಿಸೀವರಿನ ತಂತಿಯನ್ನೇ ಅದರ ಬಾಯಿಗೆ ಕೊಡುವುದನ್ನು ಅವಳು ಕಣ್ಣಾರೆ ನೋಡಿದ್ದಳು. ಅದಕ್ಕಿಂತ ಹತ್ತು ನಿಮಿಷ ಮೊದಲು ಆ ರಿಸೀವರಿಗೆ ಯಾರು ಕೆಮ್ಮಿದ್ದರು ಎಂಬುದನ್ನೂ ನೋಡಿದ್ದಳು. ಒರೆಸುತ್ತ ಬೈಯುವಳು. ಯಾರನ್ನು ಎಂದಿಲ್ಲ.

ಆದರೆ ಕೆಲವು ವರ್ಷದಿಂದ ಅವಳ ಬೈಗುಳಕ್ಕೆ ಒಂದು ವಿಳಾಸ ಸಿಕ್ಕಿತ್ತು.

ಜನ ನಾಣ್ಯ ಹಾಕುವುದನ್ನೇ ಬಿಟ್ಟಿದ್ದರು. ಎಲ್ಲರ ಜೇಬಿನಲ್ಲೂ ಫೋನ್ ಕಾರ್ಡು. ಎಂಟುನೂರರಿಂದ ಶುರುವಾಗುವ ಪುಕ್ಕಟೆ ನಂಬರನ್ನು ಒತ್ತು, ಕಾರ್ಡಿನ ಉದ್ದನೆಯ ಅಂಕಿಗಳನ್ನು ಒತ್ತು, ಅರ್ಧ ಗಂಟೆ ಮಾತಾಡು. ಫೋನು ಇರ್ಮಾಳದು, ಲೈನಿನ ಬಾಡಿಗೆ ಇರ್ಮಾಳದು, ದುಡ್ಡು ಮಾತ್ರ ದೂರದ ಕರೆಗಳ ದೊಡ್ಡ ಕಂಪನಿಗಳಿಗೆ. ಇದು ಅನ್ಯಾಯ ಎಂದು ಫೋನಿನ ದರಗಳನ್ನು ನೋಡಿಕೊಳ್ಳುವ ವಾಷಿಂಗ್ಟನ್ನಿನ ಆಯೋಗವೂ ಒಪ್ಪಿತು. ಇಂಥ ಕರೆಯೊಂದಕ್ಕೆ ಫೋನಿನವರಿಗೆ ಕಂಪನಿಗಳು ಮೂವತ್ತೈದು ಸೆಂಟು ಕೊಡಬೇಕು ಎಂದಿತು. ಕಂಪನಿಗಳು ಕೋರ್ಟಿಗೆ ಹೋದವು. ದರ ಇಪ್ಪತ್ತೆಂಟು ಚಿಲ್ಲರೆ ಸೆಂಟಿಗೆ ಇಳಿಯಿತು. ಮತ್ತೆ ಕೋರ್ಟಿಗೆ ಹೋದವು. ಈ ಲೆಕ್ಕವೂ ಸರಿಯಿಲ್ಲ, ಮತ್ತೊಮ್ಮೆ ನೋಡಿ ಎಂದು ಕೋರ್ಟು ಹಿಂದಕ್ಕೆ ಕಳಿಸಿತು. ಅಷ್ಟರವರೆಗೆ ಇರ್ಮಾಳಂಥವರಿಗೆ ಒಂದು ಕಂಪನಿ ಅರ್ಧ ಕೊಡುತ್ತಿತ್ತು, ಇನ್ನೊಂದು ಏನೂ ಕೊಡುತ್ತಿರಲಿಲ್ಲ, ಮತ್ತೊಂದು "ತಾವು ಕಳಿಸಿದ ನಂಬರುಗಳು ಸಾರ್ವಜನಿಕ ಫೋನುಗಳೆಂದು ನಮ್ಮ ಪಟ್ಟಿಯಲ್ಲಿ ಕಾಣುತ್ತಿಲ್ಲ" ಎಂದು ಅಚ್ಚುಕಟ್ಟಾಗಿ ಬರೆದು ಕಳಿಸುತ್ತಿತ್ತು.

ಇರ್ಮಾ ಆಯೋಗಕ್ಕೆ ಕಾಗದ ಬರೆದಳು. ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು ಎಂದು ಅವರೇ ಹೇಳಿದ್ದರಲ್ಲ. ಹನ್ನೊಂದು ಕಾಗದ ಟೈಪು ಮಾಡಿ ಕಳಿಸಿದಳು. ಒಂದರಲ್ಲಿ ಹೀಗಿತ್ತು: "ಪುಕ್ಕಟೆ ಕರೆಗೆ ನಾಣ್ಯ ಎಣಿಸುವ ಖರ್ಚಿಲ್ಲ, ಆದ್ದರಿಂದ ದರ ಕಡಿಮೆ ಎನ್ನುತ್ತೀರಿ. ನಾಣ್ಯ ಹಾಕದವರ ಉಗುಳನ್ನು ಒರೆಸುವವರು ಯಾರು ಸ್ವಾಮಿ? ಒಮ್ಮೆ ಈರಿಗೆ ಬನ್ನಿ, ಬಟ್ಟೆ ನಾನೇ ಕೊಡುತ್ತೇನೆ." ಕಾಗದ ತಲುಪಿದೆ ಎಂದು ಪ್ರತಿ ಸಲವೂ ಒಂದು ಕಾರ್ಡು ಬಂತು. ಅಷ್ಟೇ.

ಕೋರ್ಟು ಎರಡನೇ ಸಲ ದರವನ್ನು ಹಿಂದಕ್ಕೆ ಕಳಿಸಿದ ಬೇಸಿಗೆಯಲ್ಲಿ, ಜುಲೈ ತಿಂಗಳು, ಅವಳು ಒಂದು ಕೆಲಸ ಮಾಡಿದಳು.

ಅವಳ ಫೋನುಗಳ ಒಳಗೆ ಒಂದೊಂದು ಸಣ್ಣ ಎಲೆಕ್ಟ್ರಾನಿಕ್ ಹಲಗೆ ಇರುತ್ತಿತ್ತು. ಯಾವ ಕರೆಗೆ ಎಷ್ಟು ದುಡ್ಡು, ಎಷ್ಟು ಹೊತ್ತು ಎಂಬ ಪಟ್ಟಿ ಅದರಲ್ಲಿ. ಮನೆಯ ಕಂಪ್ಯೂಟರಿನಿಂದಲೇ ಫೋನಿಗೆ ಕರೆ ಮಾಡಿ ಆ ಪಟ್ಟಿಯನ್ನು ತಿದ್ದಬಹುದಿತ್ತು. ಪುಕ್ಕಟೆ ಕರೆಗಳನ್ನು ತಡೆದರೆ ಕಾನೂನು ಹಿಡಿಯುತ್ತದೆ, ಅದು ಅವಳಿಗೆ ಗೊತ್ತು. ಅವಳು ತಡೆಯಲಿಲ್ಲ. ಬಸ್ ನಿಲ್ದಾಣದ ಐದೂ ಫೋನುಗಳಲ್ಲಿ ಪುಕ್ಕಟೆ ಕರೆ ಮೂರು ನಿಮಿಷಕ್ಕೆ ತಾನಾಗಿ ಕಡಿದುಹೋಗುವಂತೆ ಮಾಡಿದಳು. ದರ ಇರುವುದು ನಿಮಿಷಕ್ಕಲ್ಲ, ಕರೆಗೆ. ಕಡಿದರೆ ಜನ ಮತ್ತೆ ಒತ್ತುತ್ತಾರೆ. ಒಂದಿದ್ದದ್ದು ಎರಡಾಗುತ್ತದೆ, ಮೂರಾಗುತ್ತದೆ. ಅರ್ಧ ಕೊಡುವ ಕಂಪನಿಯಿಂದ ಪೂರ್ತಿ ವಸೂಲು ಮಾಡುವ ದಾರಿ ಇದೊಂದೇ ಎಂದು ಅವಳಿಗೆ ಅನ್ನಿಸಿತು. ಆ ದಿನ ಕಂಪ್ಯೂಟರಿನ ಮುಂದೆ ಕೂತು ಪೆಪರೋನಿ ಮಾಂಸ ತುಂಬಿದ ಬನ್ನು ತಿನ್ನುತ್ತ, ಆ ಕಂಪನಿಗಳ ಸಾಹೇಬರು ಕೋಟು ಹಾಕಿಕೊಂಡು ತನ್ನ ಮುಂದೆ ಸಾಲುಗಟ್ಟಿ ನಿಂತಂತೆ ನೆನೆಸಿಕೊಂಡು ನಕ್ಕಳು.

ಆದರೆ ಕರೆ ಕಡಿಯುತ್ತಿದ್ದದ್ದು ಕೋಟಿನ ಸಾಹೇಬರದ್ದಲ್ಲ.

ಅದನ್ನು ಮೊದಲು ಗಮನಿಸಿದವಳು ಬರ್ನಿಸ್. ಕಿಟಕಿಗೆ ಬಂದು ದೂರುವವರು ಹೆಚ್ಚಾದರು. ಅವಳು ಹಳೇ ವೇಳಾಪಟ್ಟಿಯ ಬೆನ್ನಿಗೆ ತಾರೀಖು ಹಾಕಿ ಬರೆದಿಡತೊಡಗಿದಳು.

"ಏನೇ ಬರೀತೀಯ? ನನ್ನ ಚರಮಗೀತೆನಾ?" ಎಂದು ಒಂದು ದಿನ ಇರ್ಮಾ ಕೇಳಿದಳು.

"ನಿನ್ನ ಫೋನಿಂದು. ಜ್ವರ ಬಂದಿದೆ ಅದಕ್ಕೆ. ಮಾತಾಡ್ತಾ ಆಡ್ತಾ ಜೀವ ಬಿಡುತ್ತೆ."

"ದೂರದ ಲೈನು ನನ್ನದಲ್ಲ. ಕಂಪನಿನ ಕೇಳು."

"ನಾಣ್ಯ ಹಾಕಿದ್ರೆ ಮಾತ್ರ ಆರೋಗ್ಯವಾಗಿರುತ್ತೆ, ಅಲ್ವಾ? ಒಳ್ಳೇ ಕಾಯಿಲೆ ಕಣೆ ಅದು."

ಇರ್ಮಾ ಡಬ್ಬದ ಬೀಗ ಹಾಕಿಕೊಂಡು ಹೋದಳು. ಆಮೇಲೆ ವ್ಯಾನಿನಲ್ಲಿ ಕೂತಾಗ ಹತ್ತು ಒಳ್ಳೇ ಉತ್ತರ ಹೊಳೆದವು.

ಫೆಬ್ರವರಿಯಲ್ಲಿ ಆಯೋಗದ ಹೊಸ ತೀರ್ಮಾನ ಬಂತು. ಇಪ್ಪತ್ತನಾಲ್ಕು ಸೆಂಟು. ಮೂರು ಸಲ ಲೆಕ್ಕ ಹಾಕಿ ಎರಡು ಸಲ ಇಳಿಸಿದ್ದರು. ಜೊತೆಗೆ ಇನ್ನೊಂದು ಚಿಂತೆ. ಮಾರ್ಚ್ ಒಂದಕ್ಕೆ ಬಸ್ ನಿಲ್ದಾಣದ ಒಪ್ಪಂದ ಮುಗಿಯುತ್ತಿತ್ತು. ನಿಲ್ದಾಣದ ಮ್ಯಾನೇಜರ್ ಡ್ವೈಟ್ ಓಬರ್ಲಿ ಸಹಿ ಹಾಕಿದರೆ ಇನ್ನು ಐದು ವರ್ಷ, ಇಲ್ಲದಿದ್ದರೆ ಆ ಐದು ಫೋನಿಲ್ಲ. ಆ ಐದಿಲ್ಲದೆ ಮಿಕ್ಕ ಹದಿನೆಂಟು ವ್ಯಾನಿನ ಪೆಟ್ರೋಲಿಗೂ ಲೈನಿನ ಬಾಡಿಗೆಗೂ ಸಾಲುವುದಿಲ್ಲ. ಐವತ್ತನಾಲ್ಕನೇ ವಯಸ್ಸಿಗೆ ಅವಳನ್ನು ಕೆಲಸಕ್ಕೆ ಯಾರು ಕರೆಯುತ್ತಾರೆ? ಅಗ್ಗದ ಸಾಮಾನಿನ ಡಾಲರ್ ಅಂಗಡಿಯ ಗಲ್ಲಾದಲ್ಲಿ, ಹದಿನೆಂಟರ ಹುಡುಗಿಯ ಕೈಕೆಳಗೆ ನಿಲ್ಲುವ ಕೆಲಸ. 

ಕ್ರೈಸ್ತರ ಉಪವಾಸ ಶುರುವಾಗುವ ಬೂದಿ ಬುಧವಾರ, ಊರಂಚಿನ ಸರೋವರದ ಕಡೆಯಿಂದ ಹಿಮ ನುಗ್ಗಿತು. ಬೆಳಿಗ್ಗೆ ಹತ್ತಕ್ಕೆ ಬಫಲೋ ಊರಿನ ಬಸ್ಸು ರದ್ದಾಯಿತು, ಆಮೇಲೆ ಕ್ಲೀವ್‌ಲ್ಯಾಂಡಿನದೂ ರದ್ದಾಯಿತು. ನಿಲ್ದಾಣದ ತುಂಬ ಒದ್ದೆ ಕೋಟಿನ ವಾಸನೆ. ಇಂಥ ದಿನ ಫೋನಿಗೆ ಸುಗ್ಗಿ ಎಂದು ಇರ್ಮಾ ಹೊರಟು ಬಂದಿದ್ದಳು. ಮೊದಲನೇ ಫೋನಿನ ಡಬ್ಬ ತೆಗೆಯುತ್ತಿದ್ದಾಗ ಪಕ್ಕದ ಫೋನಿನಲ್ಲಿದ್ದ ಹುಡುಗಿಯನ್ನು ನೋಡಿದಳು. ಇಪ್ಪತ್ತು ವರ್ಷ ಇರಬಹುದು. ಒಂದು ತೋಳಿನಲ್ಲಿ ಕೂಸು. ಕೂಸಿನ ತಲೆಗೆ ಟೋಪಿಯಿಲ್ಲ, ಬಾಗಿಲು ತೆರೆದಾಗಲೆಲ್ಲ ಗಾಳಿ ನೇರ ಅದರ ಕಿವಿಗೆ ಬಡಿಯುತ್ತಿತ್ತು. ಅಳುತ್ತಿರಲಿಲ್ಲ. ಅಷ್ಟು ಸದ್ದಿನಲ್ಲೂ ಅಳದೆ, ಅರ್ಧ ಕಣ್ಣು ಮುಚ್ಚಿಕೊಂಡು ಬಿದ್ದಿತ್ತು. ಅಳುವ ಕೂಸಿಗಿಂತ ಅದು ಹೆಚ್ಚು ಹೆದರಿಸುವಂತಿತ್ತು.

ಹುಡುಗಿ ರಿಸೀವರನ್ನು ಕಿವಿಯಿಂದ ತೆಗೆದು ದಿಟ್ಟಿಸಿ ನೋಡಿದಳು.

"ಮತ್ತೆ ಕಟ್ಟಾಯ್ತು" ಎಂದಳು, ಯಾರಿಗೂ ಅಲ್ಲ. ಆಮೇಲೆ ಇರ್ಮಾಳ ಕೈಯ ಬೀಗದ ಕೈ ನೋಡಿದಳು. "ರೀ, ಈ ಫೋನು ನಿಮ್ದಾ?"

"ಹೌದು."

"ಇದನ್ನ ಸ್ವಲ್ಪ ಹಿಡ್ಕೊಳ್ಳಿ." ಕೂಸನ್ನು ಇರ್ಮಾಳ ತೋಳಿಗೆ ಹಾಕಿಯೇ ಬಿಟ್ಟಳು. "ನರ್ಸಿನ ಪುಕ್ಕಟೆ ನಂಬರ್ ಇದು, ಇನ್ಶೂರೆನ್ಸ್ ಕಾರ್ಡ್ ಹಿಂದೆ ಕೊಟ್ಟಿರ್ತಾರಲ್ಲ, ಅದು. ಮೊದಲನೇ ಸಲ ನರ್ಸ್ ಬಂದ್ಲು. ತೂಕ ಎಷ್ಟು ಅಂದ್ಲು, ಹನ್ನೊಂದು ಪೌಂಡು ಅಂದೆ. ಜ್ವರದ ಹನಿ ಇದೆಯಾ ಅಂದ್ಲು, ಇದೆ ಅಂದೆ. ಸರಿ ಹಾಗಾದ್ರೆ ಇಷ್ಟು ಕೊಡು ಅನ್ನೋಷ್ಟರಲ್ಲಿ ಕಟ್ಟು. ಆಮೇಲೆ ಎರಡು ಸಲ ಮಾಡಿದೆ. ಬರೀ ಸಂಗೀತ. ಸಾಲಲ್ಲಿ ಕಾಯಿ ಅಂತಾರೆ, ಕಾಯ್ತಾ ಇರೋವಾಗ್ಲೇ ಕಟ್ಟು."

ಇರ್ಮಾಳಿಗೆ ತಕ್ಷಣ ಅರ್ಥವಾಯಿತು. ಹಿಮ ಬಿದ್ದ ದಿನ ಆ ಸಾಲು ಮೂರು ನಿಮಿಷಕ್ಕಿಂತ ಉದ್ದವಿತ್ತು. ಹುಡುಗಿ ಸಂಜೆಯವರೆಗೆ ಒತ್ತಿದರೂ ನರ್ಸು ಸಿಗುವಂತಿರಲಿಲ್ಲ.

"ಹಿಮಕ್ಕೆ ಲೈನು ಕೆಟ್ಟಿರ್ಬೇಕು" ಎಂದಳು ಇರ್ಮಾ.

ಕೂಸಿನ ಬೆನ್ನಿನ ಬಿಸಿ ಅವಳ ಕೋಟಿನ ತೋಳಿನ ಮೇಲಿಂದಲೂ ತಾಗುತ್ತಿತ್ತು.

"ಹನಿ ಹಾಕೋ ಕೊಳವೆಲಿ ಎರಡು ಗೀಟಿದೆ," ಹುಡುಗಿ ಹೇಳುತ್ತಲೇ ಇದ್ದಳು. "ಅವನಿಗೆ ಇನ್ನೂ ನಾಲ್ಕು ತಿಂಗಳು. ಡಬ್ಬಿ ಮೇಲೆ ಡಾಕ್ಟರನ್ನ ಕೇಳಿ ಅಂತ ಬರೆದಿದೆ. ನನಗಂತೂ ತಲೆ ಓಡ್ತಿಲ್ಲ. ಎರಡು ಗೀಟು ಕೊಟ್ಟುಬಿಡೋಣ ಅಂತಿದ್ದೀನಿ."

"ಕೊಡ್ಬೇಡ" ಎಂದು ಹಿಂದಿನಿಂದ ದನಿ ಬಂತು. ಬರ್ನಿಸ್ ಕಿಟಕಿ ಮುಚ್ಚಿ ಹೊರಗೆ ಬಂದಿದ್ದಳು. ಬೆಳಗಿನ ಪೂಜೆಯಲ್ಲಿ ಪಾದ್ರಿ ಇಟ್ಟ ಬೂದಿಯ ಶಿಲುಬೆ ಅವಳ ಹಣೆಯ ಮೇಲಿತ್ತು, ಕೈಗಡಿಯಾರ ಅಂಗೈಯಲ್ಲಿತ್ತು. "ಮೂರು ನಿಮಿಷ. ಮೂರು ಸಲವೂ ಮೂರೇ ನಿಮಿಷ, ಇರ್ಮಾ. ಹಿಮ ಇಷ್ಟು ಅಚ್ಚುಕಟ್ಟಾಗಿ ಬೀಳುತ್ತಾ?"

ಇರ್ಮಾ ಕೂಸನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಡಬ್ಬದೊಳಗಿನ ಇಪ್ಪತ್ತೈದು ಸೆಂಟಿನ ಒಂದು ಕ್ವಾರ್ಟರ್, ಹತ್ತು ಸೆಂಟಿನ ಒಂದು ಡೈಮ್ ಹೆಕ್ಕಿ ತನ್ನ ಫೋನಿಗೇ ಹಾಕಿದಳು. ಊರೊಳಗಿನ ಕರೆಗೆ ಮೂವತ್ತೈದು ಸೆಂಟು, ಎಷ್ಟು ಹೊತ್ತಾದರೂ ಕಡಿಯುವುದಿಲ್ಲ. ಆಸ್ಪತ್ರೆಯ ತುರ್ತು ವಿಭಾಗದ ನಂಬರು ಅವಳಿಗೆ ಬಾಯಿಪಾಠ, ಅದರ ಪಡಸಾಲೆಯಲ್ಲೇ ಅವಳ ಫೋನಿತ್ತು. ಆ ಕಡೆ ದನಿ ಬಂದ ಕೂಡಲೇ ರಿಸೀವರನ್ನು ಹುಡುಗಿಗೆ ಕೊಟ್ಟಳು.

ಆ ಕಡೆಯವರು ಏನೇನೋ ಕೇಳಿದರು. ಹುಡುಗಿ ಹೂಂ ಎಂದಳು, ಇಲ್ಲ ಎಂದಳು, ಹಾಲು ಕುಡಿದ ಎಂದಳು. "ಮೊದಲನೇ ಗೀಟಾ? ಬರೀ ಮೊದಲನೇದಾ?" ಎಂದು ಎರಡು ಸಲ ಕೇಳಿದಳು. ರಿಸೀವರ್ ಇಟ್ಟು, ಕೂಸನ್ನು ತೆಗೆದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು, ಕೊಳವೆಯನ್ನು ಕಣ್ಣ ಮುಂದೆ ಹಿಡಿದು, ಗೀಟಿಗೆ ಸರಿಯಾಗಿ ತುಂಬಿ ಕೂಸಿನ ಕೆನ್ನೆಯೊಳಕ್ಕೆ ಹನಿಸಿದಳು. ಕೂಸು ಮುಖ ಕಿವುಚಿ ಕಡೆಗೂ ಅತ್ತಿತು. ಮೂವರು ಹೆಂಗಸರೂ ಆ ಅಳುವನ್ನು ಕೇಳಿಸಿಕೊಂಡರು.

ಹುಡುಗಿ ತಲೆಯೆತ್ತಿದಳು. "ನೀವೇ ಕಟ್ ಮಾಡ್ತಿದ್ರಾ?"

ಇರ್ಮಾ ಡಬ್ಬಕ್ಕೆ ಬೀಗ ಹಾಕಿದಳು.

"ಮಕ್ಕಳಿಲ್ವಾ ನಿಮಗೆ?"

"ಇಲ್ಲ" ಎಂದಳು ಇರ್ಮಾ.

"ಅದಕ್ಕೇ."

ಬರ್ನಿಸ್ ಕೂಡ ಆ ಮಾತಿಗೆ ಒಂದು ಕ್ಷಣ ನೆಲ ನೋಡಿದಳು. ಆದರೆ ಬಿಡಲಿಲ್ಲ. "ಡ್ವೈಟ್‌ಗೆ ಹೇಳ್ತೀನಿ. ಮಾರ್ಚ್ ಒಂದಕ್ಕೆ ಸಹಿ ಹಾಕ್ತಾನಾ ನೋಡ್ಕೊಂಡು ಹಾಕ್ಲಿ."

"ಹೇಳ್ಕೋ ಹೋಗು. ಒಂಬತ್ತು ವರ್ಷ ಕಾದಿದ್ದೀಯ ಪಾಪ."

ಆ ಸಂಜೆ ಆರಕ್ಕೆ ಡ್ವೈಟ್ ಫೋನು ಮಾಡಿದ. ಬರ್ನಿಸ್ ಏನೋ ಹೇಳುತ್ತಿದ್ದಾಳೆ, ಶುಕ್ರವಾರ ಹನ್ನೊಂದಕ್ಕೆ ಬನ್ನಿ, ನಿಮ್ಮ ಮುಂದೆಯೇ ನಾನು ಪರೀಕ್ಷೆ ಮಾಡುತ್ತೇನೆ ಎಂದ. ಇರ್ಮಾ ಕಂಪ್ಯೂಟರಿನ ಮುಂದೆ ಕೂತಳು. ಎರಡನೇ ಫೋನಿನ ದಿನದ ಪಟ್ಟಿ ಕರೆಸಿದಳು. ಅದೇ ಪುಕ್ಕಟೆ ನಂಬರು ಮೂರು ಸಲ, ಮೂರರ ಮುಂದೆಯೂ ಮೂರು ನಿಮಿಷ ಸೊನ್ನೆ ಸೆಕೆಂಡು. ಹೊಸ ದರದಲ್ಲಾದರೆ ಎಪ್ಪತ್ತೆರಡು ಸೆಂಟು. ಆ ಹುಡುಗಿ ನರ್ಸನ್ನು ಮುಟ್ಟದೆ ಹೋದದ್ದರ ಬೆಲೆ.

ಐದೂ ಫೋನಿನ ಮಿತಿಯನ್ನು ತೆಗೆದುಹಾಕಿದಳು. ಶುಕ್ರವಾರದ ಪರೀಕ್ಷೆಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಶನಿವಾರ ಮತ್ತೆ ಹಾಕಬಹುದು, ಎರಡು ನಿಮಿಷದ ಕೆಲಸ. ಆಮೇಲೆ ಎದ್ದು ಸಿಂಕಿನಲ್ಲಿ ಕೈ ತೊಳೆದಳು. ಮಕ್ಕಳಿಲ್ಲದವರಿಗೆ ಸಂಕಟ ಆಗುವುದಿಲ್ಲವೆಂದು ಆ ಹುಡುಗಿಗೆ ಯಾರು ಹೇಳಿದರೋ. ಕೈಯೊರೆಸಿಕೊಳ್ಳುತ್ತ ಅವಳನ್ನು ಬೈದಳು, ಬರ್ನಿಸ್‌ಳನ್ನು ಬೈದಳು, ಟೋಪಿಯಿಲ್ಲದೆ ಕೂಸನ್ನು ಬೀದಿಗೆ ತರುವವರ ಕುಲವನ್ನೇ ಬೈದಳು.

ಶುಕ್ರವಾರ ಹನ್ನೊಂದಕ್ಕೆ ಡ್ವೈಟ್ ಓಬರ್ಲಿ ಫೋನುಗಳ ಮುಂದೆ ನಿಂತ. ಮೂವತ್ತೆಂಟು ವಯಸ್ಸಿನ ಮನುಷ್ಯ, ಕತ್ತಿಗೆ ಟೈ, ಕಾಲಿಗೆ ಹಿಮದ ಬೂಟು. ತನ್ನ ಕಾರ್ಡು ತೆಗೆದು ಓಹಿಯೋದಲ್ಲಿರುವ ಅಕ್ಕನಿಗೆ ಕರೆ ಮಾಡಿದ. ಬರ್ನಿಸ್ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಳು. ಪ್ರಯಾಣಿಕರು ಬೇರೆ ಕೆಲಸವಿಲ್ಲದೆ ಸುತ್ತ ಸೇರಿದರು.

ಅಕ್ಕನಿಗೆ ಮಾತು ಬೇಕಾಗಿತ್ತು. ಅವಳ ಮೂತ್ರಪಿಂಡದ ಕಲ್ಲಿನ ಕತೆ ಡ್ವೈಟನ ಹೂಂಗುಟ್ಟುವಿಕೆಯಲ್ಲೇ ಎಲ್ಲರಿಗೂ ತಿಳಿಯಿತು. ಎರಡು ನಿಮಿಷ. ಮೂರು. ಬರ್ನಿಸ್ ಗಡಿಯಾರವನ್ನು ಕಣ್ಣಿಗೆ ಹತ್ತಿರ ತಂದಳು. ನಾಲ್ಕು. ಐದು.

"ಬದುಕಿದೆ," ಇರ್ಮಾ ಹೇಳಿದಳು. "ಜ್ವರ ಬಿಟ್ಟಿರ್ಬೇಕು."

"ಇನ್ನೊಂದು ಫೋನಿಂದ ಮಾಡಿ" ಎಂದಳು ಬರ್ನಿಸ್.

ಅವನು ಎರಡನೆಯದರಿಂದ ಮಾಡಿದ, ಮೂರನೆಯದರಿಂದ ಮಾಡಿದ. ಕಲ್ಲಿನ ಕತೆ ಆಪರೇಷನ್ನಿನವರೆಗೆ ಬಂತು. ಒಂದೂ ಕಡಿಯಲಿಲ್ಲ.

"ಬುಧವಾರ ಕಡೀತಿತ್ತು. ಇವಳು ಮನೇಲಿ ಕೂತು ಸರಿ ಮಾಡಿದ್ದಾಳೆ" ಎಂದಳು ಬರ್ನಿಸ್.  "ನನ್ನ ಹತ್ರ ತಾರೀಖು ಸಮೇತ ಬರೆದಿಟ್ಟಿದ್ದೀನಿ."

"ಬರ್ನಿಸ್, ಕಿಟಕಿಗೆ ಹೋಗು," ಡ್ವೈಟ್ ಹೇಳಿದ. "ಜನ ಕಾಯ್ತಿದ್ದಾರೆ."

ಅವಳು ಹೋದಳು. ಸುತ್ತ ನಿಂತವರಲ್ಲಿ ಯಾರೋ ನಕ್ಕರು. ಇರ್ಮಾಳಿಗೆ ಒಂಬತ್ತು ವರ್ಷದಲ್ಲಿ ಇಂಥ ಗೆಲುವು ಸಿಕ್ಕಿರಲಿಲ್ಲ. ಬರ್ನಿಸ್‌ಳ ಬೆನ್ನನ್ನು ಕಿಟಕಿಯವರೆಗೂ ನೋಡಿದಳು. ಅಂದುಕೊಂಡಷ್ಟು ರುಚಿಯಾಗಿರಲಿಲ್ಲ ಅದು. ಹೆಂಗಸು ಹೇಳಿದ ಪ್ರತಿ ಮಾತೂ ನಿಜವಾಗಿತ್ತು.

ಆಫೀಸಿನಲ್ಲಿ ಡ್ವೈಟ್ ಬಾಗಿಲು ಮುಚ್ಚಿದ. ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಕರಿದ ಮೀನಿನ ಸ್ಯಾಂಡ್‌ವಿಚ್ಚು, ಅದರ ಪಕ್ಕ ಒಪ್ಪಂದದ ಪತ್ರ, ಪತ್ರದ ಮೇಲೆ ಪೆನ್ನು. ಇರ್ಮಾಳ ಕಣ್ಣು ಪೆನ್ನಿನ ಮೇಲೆ ಹೋಯಿತು.

"ಕೂತ್ಕೊಳ್ಳಿ ಇರ್ಮಾ. ಒಂದು ವಿಷಯ ಕೇಳ್ತೀನಿ, ನೀವೇನೂ ಹೇಳ್ಬೇಕಾಗಿಲ್ಲ." ಡ್ರಾಯರಿನಿಂದ ಅವನು ಕೆಲವು ಚೀಟಿ ತೆಗೆದ. ಫೋನುಗಳ ಆದಾಯದಲ್ಲಿ ನಿಲ್ದಾಣದ ಪಾಲೆಂದು ಅವಳೇ ಮೂರು ತಿಂಗಳಿಗೊಮ್ಮೆ ಕಳಿಸುತ್ತಿದ್ದ ಚೀಟಿಗಳು. "ಜುಲೈ ಆದ್ಮೇಲೆ ಪುಕ್ಕಟೆ ಕರೆಗಳು ಎರಡರಷ್ಟಾಗಿವೆ. ಪ್ರಯಾಣಿಕರು ಎರಡರಷ್ಟಾಗಿಲ್ಲ. ಬರ್ನಿಸ್‌ಗೆ ಗಡಿಯಾರ ನೋಡೋಕೆ ಬರುತ್ತೆ, ಇದನ್ನ ಓದೋಕೆ ಬರಲ್ಲ."

 ಮುಗಿಯಿತು ಎಂದುಕೊಂಡಳು ಇರ್ಮಾ.

"ಒಳ್ಳೇ ಉಪಾಯ" ಎಂದ ಡ್ವೈಟ್. ಸ್ಯಾಂಡ್‌ವಿಚ್ಚಿನ ಸುತ್ತು ಬಿಚ್ಚಿದ. "ವಾಪಸ್ ಹಾಕಿ."

"ಏನಂದ್ರಿ?"

"ವಾಪಸ್ ಹಾಕಿ ಅಂದೆ. ದರ ಇಪ್ಪತ್ತನಾಲ್ಕಕ್ಕೆ ಇಳಿದಿದೆಯಲ್ಲ, ಮೂರು ನಿಮಿಷ ಜಾಸ್ತಿ ಆಯ್ತು. ಎರಡೂವರೆ ಮಾಡಿ. ಈ ಪುಕ್ಕಟೆ ಕರೆಗಳ ದುಡ್ಡಲ್ಲಿ ಅರ್ಧ ನಿಲ್ದಾಣಕ್ಕೆ. ಐದು ವರ್ಷಕ್ಕೆ ಸಹಿ ಹಾಕ್ತೀನಿ, ಈಗ್ಲೇ. ಬರ್ನಿಸ್‌ನ ನಾನು ನೋಡ್ಕೋತೀನಿ."

ಅವಳಿಗೆ ಮೊದಲು ಬಂದದ್ದು ನೆಮ್ಮದಿ. ಅದು ಸುಳ್ಳಲ್ಲ. ಐದು ವರ್ಷ ಎಂದರೆ ಐವತ್ತೊಂಬತ್ತು, ಆಮೇಲೆ ಪಿಂಚಣಿ ಹತ್ತಿರ. ಪೆನ್ನಿಗೆ ಅರ್ಧ ಕೈ ಚಾಚಿಯೇ ಇದ್ದಳು. ಡ್ವೈಟ್ ಬೆರಳಿಗಂಟಿದ ಸಾಸನ್ನು ನೆಕ್ಕಿಕೊಂಡ.

"ನಾನು ಮಾಡಿದ್ದು ಆ ಕಂಪನಿಗಳ ಮೇಲಿನ ಸಿಟ್ಟಿಗೆ," ಎಂದಳು ಇರ್ಮಾ. "ನಿಮಗೆ ಯಾರ ಮೇಲೆ ಸಿಟ್ಟು?"

"ನನಗ್ಯಾಕೆ ಸಿಟ್ಟು? ಕಟ್ಟಡ ಬಿಸಿಯಾಗಿಡೋಕೆ ದುಡ್ಡು ಬೇಕು."

"ಬುಧವಾರ ಒಂದು ಕೂಸು..."

"ಬರ್ನಿಸ್ ಹೇಳಿದ್ಲು. ಏನೂ ಆಗ್ಲಿಲ್ಲವಲ್ಲ."

ಏನೂ ಆಗಲಿಲ್ಲವಲ್ಲ. ಎರಡು ದಿನದಿಂದ ಇದೇ ಮಾತನ್ನು ಇರ್ಮಾ ತನಗೆ ತಾನೇ ಹೇಳಿಕೊಂಡಿದ್ದಳು, ಅಡುಗೆಮನೆಯಲ್ಲಿ, ವ್ಯಾನಿನಲ್ಲಿ. ತುಂಬಿದ ಬಾಯಿಂದ ಅದು ಹೊರಬಿದ್ದಾಗ ಹೇಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಬರೆದುಕೊಡಿ," ಎಂದಳು. "ಎರಡೂವರೆ ನಿಮಿಷಕ್ಕೆ ಕಡೀಬೇಕು ಅಂತ ನಿಲ್ದಾಣದ ಕಾಗದದ ಮೇಲೆ ಬರೆದು ಸಹಿ ಹಾಕಿ. ಆಯೋಗಕ್ಕೆ ಇನ್ನೊಂದು ಕಾಗದ ಬರೀಬೇಕು ಅಂತಿದ್ದೆ, ಜೊತೆಗೆ ಇಡ್ತೀನಿ."

ಡ್ವೈಟ್ ಜಗಿಯುವುದನ್ನು ನಿಲ್ಲಿಸಿದ. "ಶುರು ಮಾಡಿದ್ದು ನೀವೇ, ಇರ್ಮಾ."

"ನಾನೇ. ಅದನ್ನೂ ಬರೀತೀನಿ."

"ಪಿಟ್ಸ್‌ಬರ್ಗಿನ ಫೋನ್ ಕಂಪನಿಯವರು ಎರಡು ತಿಂಗಳಿಂದ ಈ ಗೋಡೆ ಕೇಳ್ತಿದ್ದಾರೆ. ಕರೆ ಕಡಿಯೋದನ್ನ ಅವರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ."

"ಕೊಡಿ ಅವರಿಗೆ."

"ಸೋಮವಾರದೊಳಗೆ ನಿಮ್ಮ ಫೋನು ಇಲ್ಲಿರ್ಬಾರ್ದು."

"ಸೋಮವಾರ ಯಾಕೆ?" ಎಂದು ಇರ್ಮಾ ಎದ್ದಳು.

ವ್ಯಾನಿನಿಂದ ಉಪಕರಣದ ಪೆಟ್ಟಿಗೆ ತಂದಾಗ ಹನ್ನೆರಡೂವರೆ. ಮೊದಲನೇ ಫೋನಿನ ಕವಚ ತೆಗೆದು, ತಂತಿ ಬಿಡಿಸಿ, ಗೋಡೆಯಿಂದ ಎತ್ತಿ ನೆಲಕ್ಕಿಟ್ಟಳು. ನಲವತ್ತು ಪೌಂಡಿನ ಭಾರ, ಸೊಂಟ ಕಟಕ್ ಎಂದಿತು. ಎರಡನೆಯದನ್ನು ಬಿಚ್ಚುವಾಗ ಬರ್ನಿಸ್ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಗೆದ್ದೆಯಲ್ಲ. ಮತ್ತೆ ಯಾಕೆ ಬಿಚ್ತಿದ್ದೀಯ?"

"ನೀನು ಹೇಳಿದ್ದು ನಿಜ. ಮೂರು ನಿಮಿಷ. ಜುಲೈಯಿಂದ."

"ಗೊತ್ತು ನನಗೆ."

"ಅವನಿಗೆ ಎರಡೂವರೆ ಬೇಕಂತೆ. ಅರ್ಧ ಪಾಲು."

ಬರ್ನಿಸ್ ಆಫೀಸಿನ ಬಾಗಿಲ ಕಡೆ ನೋಡಿದಳು.  ಇರ್ಮಾ ಸ್ಕ್ರೂಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮುಂದುವರಿಸಿದಳು. ಈಗಲಾದರೂ ಒಂದು ಮೆತ್ತನೆಯ ಮಾತು ಬರಬಹುದೆಂದು ಅವಳು ಕಾದಿದ್ದಳೋ ಏನೋ. ಬರಲಿಲ್ಲ.

"ಇದರಿಂದ ನಿನ್ನ ಪಾಪ ತೊಳೀತು ಅಂದ್ಕೊಂಡ್ಯಾ?" ಎಂದಳು ಬರ್ನಿಸ್. "ಎರಡು ಗಂಟೆಗೆ ಕ್ಲೀವ್‌ಲ್ಯಾಂಡ್ ಬಸ್ಸು. ಇಳಿದ ಜನ ಎಲ್ಲಿಂದ ಫೋನ್ ಮಾಡ್ತಾರೆ? ಪಿಟ್ಸ್‌ಬರ್ಗಿನವರು ಬರೋವರ್ಗೂ ಹಿಮದಲ್ಲಿ ಕೂಗ್ತಾರಾ? ಆವತ್ತು ಸಿಟ್ಟು ಬಂತು, ಕಡಿದೆ. ಇವತ್ತು ಸಿಟ್ಟು ಬಂತು, ಕೀಳ್ತಿದ್ದೀಯ. ಎರಡು ಸಲವೂ ಸಿಟ್ಟು ನಿಂದೇ, ಪರದಾಡ್ತಾ ನಿಲ್ಲೋದು ಬೇರೆಯವರು."

ಇರ್ಮಾ ಸ್ಕ್ರೂಗಳನ್ನು ಬಾಯಿಂದ ತೆಗೆದಳು. "ನಿನ್ನ ಸಾಹೇಬನ ಮೇಜಿನ ಮೇಲೊಂದು ಫೋನಿದೆ. ಅಲ್ಲಿಂದ ಮಾಡ್ಲಿ."

"ಮಾಡಿಸ್ತೀನಿ ನೋಡು" ಎಂದಳು ಬರ್ನಿಸ್. ಹಾಗೆ ಹೇಳಿ ಕಿಟಕಿಗೆ ಹೋಗಲಿಲ್ಲ, ಆಫೀಸಿಗೆ ಹೋದಳು. ಬಾಗಿಲು ಬಡಿದ ಸದ್ದಾಯಿತು. ಆಮೇಲೆ ಒಳಗಿನಿಂದ ಎರಡು ದನಿ, ಡ್ವೈಟನದಕ್ಕಿಂತ ಅವಳದೇ ದೊಡ್ಡದು.

ಮೂರು, ನಾಲ್ಕು. ಗೋಡೆಯ ಮೇಲೆ ಫೋನಿದ್ದ ಜಾಗಗಳಲ್ಲಿ ಮಾಸದ ಹಳೇ ಹಸಿರು ಬಣ್ಣ ಚೌಕ ಚೌಕವಾಗಿ ಕಂಡಿತು. ಇನ್ನು ಒಂದು ವರ್ಷದೊಳಗೆ ಮಿಕ್ಕ ಹದಿನೆಂಟನ್ನೂ ಮಾರಬೇಕಾಗುತ್ತದೆ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಬೆನ್ನು ನೇರ ಮಾಡಿಕೊಂಡು ಐದನೆಯದರ ಕಡೆ ತಿರುಗಿದಳು.

ಅದರಲ್ಲಿ ಮುದುಕನೊಬ್ಬ ಮಾತಾಡುತ್ತಿದ್ದ. ಕಾರ್ಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದು ಕಿವಿಗೆ ಬೆರಳಿಟ್ಟುಕೊಂಡು. ಎಷ್ಟು ಹೊತ್ತಿನಿಂದಲೋ. ಇರ್ಮಾ ಸ್ಕ್ರೂಡ್ರೈವರ್ ಹಿಡಿದು ಅವನ ಪಕ್ಕ ನಿಂತಳು. ಅವನ ಮಾತು ತಮ್ಮನ ದೋಣಿಯ ಬಗ್ಗೆ ಇತ್ತು. ದೋಣಿಯಿಂದ ಅದರ ಎಂಜಿನ್ನಿಗೆ ಹೋಯಿತು, ಎಂಜಿನ್ನಿನಿಂದ ಅದನ್ನು ಮಾರಿದವನ ಮೋಸಕ್ಕೆ. ಆರು ನಿಮಿಷ ಕಳೆದವು, ಒಂಬತ್ತು ಕಳೆದವು.

ಮುದುಕ ಕಾರ್ಡನ್ನು ಬಾಯಿಂದ ತೆಗೆದು, ರಿಸೀವರಿನ ಬಾಯಿಗೆ ಕೈ ಮುಚ್ಚಿ ಅವಳನ್ನು ನೋಡಿದ. "ಏನು? ಮಾತಾಡ್ತಿರೋದು ಕಾಣ್ಸಲ್ವಾ? ಸ್ವಲ್ಪ ಆಚೆ ನಿಂತ್ಕೊಳ್ಳಿ."

ಇರ್ಮಾ ಎರಡು ಹೆಜ್ಜೆ ಆಚೆ ಹೋಗಿ ನಿಂತಳು.